ಕರೆಂಟ್ ಹೋದಾಗ ಫೋನ್ ಮಾಡುವ ಮೋಡೆಮ್

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರ, ಅಲ್ಲೊಂದು ಸಹಕಾರಿ ಬ್ಯಾಂಕಿನ ಶಾಖೆ ಎಂದಿಟ್ಟುಕೊಳ್ಳಿ. ಹಿಂದಿನ ಕೋಣೆಯಲ್ಲಿ ಯುಪಿಎಸ್, ಪಕ್ಕದ ಕಬ್ಬಿಣದ ಸ್ಟ್ಯಾಂಡಿನಲ್ಲಿ ಹದಿನಾರು ಬ್ಯಾಟರಿ, ಹಿತ್ತಲಿನ ತಗಡಿನ ಮಾಡಿನ ಕೆಳಗೆ ಡೀಸೆಲ್ ಜನರೇಟರ್. ಇವನ್ನು ನೋಡಿಕೊಳ್ಳುವ ಎಂಜಿನಿಯರ್ ಇರುವುದು ಶಿವಮೊಗ್ಗದಲ್ಲಿ. ಅವರ ಪಾಲಿಗೆ ಇಂಥ ಹತ್ತಾರು ಶಾಖೆಗಳಿವೆ. ಆಷಾಢದ ಮಳೆಗೆ ಶನಿವಾರ ಸಂಜೆ ಎಲ್ಲೋ ಮರ ಬಿದ್ದು ಲೈನ್ ಹೋಯಿತು, ಜನರೇಟರ್ ಸ್ಟಾರ್ಟ್ ಆಗಲಿಲ್ಲ, ರಾತ್ರಿಯೊಳಗೆ ಬ್ಯಾಟರಿ ಬರಿದಾಯಿತು. ಹೇಳುವವರು ಯಾರೂ ಇಲ್ಲದಿದ್ದರೆ ಇದು ತಿಳಿಯುವುದು ಸೋಮವಾರ ಬೆಳಿಗ್ಗೆ ಶಟರ್ ಎತ್ತಿದಾಗಲೇ. ಅಷ್ಟು ಹೊತ್ತು ಖಾಲಿಯಾಗಿ ಬಿದ್ದಿದ್ದ ಲೆಡ್-ಆಸಿಡ್ ಬ್ಯಾಟರಿಯ ಆಯುಸ್ಸೂ ಅಷ್ಟು ಕಡಿಮೆಯಾಗಿರುತ್ತದೆ.

ಆ ಸುದ್ದಿಯನ್ನು ಶನಿವಾರ ರಾತ್ರಿಯೇ ಮುಟ್ಟಿಸಲು ದಶಕಗಳ ಕಾಲ ಬಳಕೆಯಲ್ಲಿದ್ದದ್ದು ಡಯಲ್-ಅಪ್ ಮೋಡೆಮ್. ತಾಮ್ರದ ಲ್ಯಾಂಡ್‌ಲೈನ್ ಉಳಿದಿರುವ ಕಡೆ ಈಗಲೂ ಅದು ಕೆಲಸಕ್ಕೆ ಬರುತ್ತದೆ. ಇಂಟರ್ನೆಟ್ಟಿಗೆಂದು ಮೋಡೆಮ್ ಇಟ್ಟುಕೊಂಡಿದ್ದ ಕಾಲದಲ್ಲಿ ನಾವು ಅದರ ಪಕ್ಕದಲ್ಲೇ ಕೂತಿರುತ್ತಿದ್ದೆವು. ಸಿಕ್ಕಿಕೊಂಡರೆ ಆಫ್ ಮಾಡಿ ಆನ್ ಮಾಡುತ್ತಿದ್ದೆವು, ಬೇಕಾಗಿದ್ದದ್ದು ವೇಗ. ಇಲ್ಲಿ ಪಕ್ಕದಲ್ಲಿ ಯಾರೂ ಇಲ್ಲ, ವೇಗವೂ ಬೇಕಿಲ್ಲ. ಬೀಗ ಹಾಕಿದ ಕೋಣೆಯಲ್ಲಿ, ಸುತ್ತಲಿನ ಎಲ್ಲವೂ ಕೆಟ್ಟು ನಿಂತ ಹೊತ್ತಿನಲ್ಲಿ, ಅದು ತಾನಾಗಿ ಎದ್ದು ಮಾತಾಡಬೇಕು. ಮುಂದೆ ಹೇಳುವ ಒಂದೊಂದು ಸೆಟ್ಟಿಂಗೂ ಈ ಒಂದು ಅಗತ್ಯದಿಂದ ಹುಟ್ಟಿದ್ದು.

ಮೊದಲು ಅಡಾಪ್ಟರ್

ಎಕ್ಸ್‌ಚೇಂಜಿನಿಂದ ಬರುವ ಜೋಡಿ ತಂತಿಯಲ್ಲಿ, ಫೋನ್ ಎತ್ತದಿರುವಾಗ, ಸುಮಾರು 48 ವೋಲ್ಟ್ ಡಿಸಿ ಇರುತ್ತದೆ. ರಿಂಗ್ ಬರುವಾಗ ಅದರ ಮೇಲೆ ಸುಮಾರು 75 ವೋಲ್ಟಿನ, 25 ಹರ್ಟ್ಸಿನ ಎಸಿ ಏರುತ್ತದೆ. ಈ ಕರೆಂಟ್ ನಮ್ಮ ಊರಿನ ವಿದ್ಯುತ್ ಲೈನಿನದಲ್ಲ, ಎಕ್ಸ್‌ಚೇಂಜಿನ ಬ್ಯಾಟರಿಯದು. ಊರೆಲ್ಲ ಕತ್ತಲಾಗಿದ್ದರೂ ಹಳೆಯ ಫೋನಿನಲ್ಲಿ ಡಯಲ್ ಟೋನ್ ಕೇಳಿಸುತ್ತಿದ್ದದ್ದು ಅದಕ್ಕೇ. ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ರೂಪಿಸಿದ 128 ಪೋರ್ಟಿನ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಬಂದದ್ದು ನಮ್ಮ ಕಿತ್ತೂರಿಗೆ. ಏರ್ ಕಂಡೀಷನರ್ ಇಲ್ಲದ ಕೋಣೆಯಲ್ಲಿ ಓಡಲೆಂದು ಮಾಡಿದ ಆ ಪೆಟ್ಟಿಗೆಯೂ ನೆಚ್ಚಿಕೊಂಡದ್ದು ಬ್ಯಾಟರಿಯನ್ನೇ.

ಹೀಗೆ ಫೋನ್ ಲೈನ್ ತನ್ನ ಶಕ್ತಿಯನ್ನು ತಾನೇ ತರುತ್ತದೆ, ಆದರೆ ಮೋಡೆಮ್ ಹಾಗಲ್ಲ. ಅದಕ್ಕೆ ಗೋಡೆಯ ಸಾಕೆಟ್ಟಿನ ಅಡಾಪ್ಟರ್ ಬೇಕು. ಎಲ್ಲವನ್ನೂ ಸರಿಯಾಗಿ ಹೊಂದಿಸಿ, ಕೊನೆಗೆ ಆ ಅಡಾಪ್ಟರನ್ನು ಮಾಮೂಲಿ ಸಾಕೆಟ್ಟಿಗೆ ಸಿಕ್ಕಿಸಿ ಹೋದರೆ, ಕರೆಂಟ್ ಇರುವಷ್ಟು ದಿನ ಮೋಡೆಮ್ ಚೆನ್ನಾಗಿಯೇ ಉತ್ತರ ಕೊಡುತ್ತದೆ. ಹೋದ ಕ್ಷಣ ತಾನೂ ಆರಿಹೋಗುತ್ತದೆ. ಪರೀಕ್ಷೆಗಳನ್ನೆಲ್ಲ ಕರೆಂಟ್ ಇದ್ದಾಗಲೇ ಮಾಡುವುದರಿಂದ ಈ ತಪ್ಪು ವರ್ಷಗಟ್ಟಲೆ ಕಾಣಿಸದೆ ಕೂತಿರಬಹುದು.

ಯುಪಿಎಸ್ಸಿನ ಔಟ್‌ಪುಟ್ಟಿಗೆ ಸಿಕ್ಕಿಸುವುದು ಎರಡನೆಯ ದಾರಿ. ಅರ್ಧ ಸಮಸ್ಯೆ ಅಲ್ಲಿಗೆ ತೀರುತ್ತದೆ, ಆದರೆ ಯುಪಿಎಸ್ಸೇ ಕೆಟ್ಟರೆ ಅದನ್ನು ಹೇಳಬೇಕಾದ ಮೋಡೆಮ್ಮೂ ಜೊತೆಗೇ ಹೋಗುತ್ತದೆ. ನನ್ನ ಪ್ರಕಾರ ಸರಿಯಾದ ದಾರಿ ಮೂರನೆಯದು. 48 ವೋಲ್ಟಿನ ಬ್ಯಾಟರಿ ಬ್ಯಾಂಕ್ ಇದ್ದರೆ ಅದರಿಂದಲೇ ಫ್ಯೂಸ್ ಹಾಕಿ, ಐಸೊಲೇಟೆಡ್ ಡಿಸಿ-ಡಿಸಿ ಕನ್ವರ್ಟರ್ ಮೂಲಕ ಮೋಡೆಮ್ಮಿಗೆ ಬೇಕಾದ ವೋಲ್ಟೇಜ್ ಕೊಡುವುದು. ಇಲ್ಲದಿದ್ದರೆ ಅದಕ್ಕೆಂದೇ ಒಂದು ಸಣ್ಣ 12 ವೋಲ್ಟಿನ ಬ್ಯಾಟರಿ ಮತ್ತು ಚಾರ್ಜರ್ ಇಡುವುದು. ಮೋಡೆಮ್ ತಿನ್ನುವುದು ಕೆಲವೇ ವ್ಯಾಟ್. ಸ್ಕೂಟರಿನಲ್ಲಿ ಬರುವಂಥ ಸಣ್ಣ ಬ್ಯಾಟರಿ ಕೂಡ ಅದನ್ನು ಗಂಟೆಗಟ್ಟಲೆ ನಡೆಸುತ್ತದೆ. ಹೀಗೆ ಮಾಡುವ ಮುಂಚೆ ಮೋಡೆಮ್ಮಿನ ಜೊತೆ ಬಂದ ಅಡಾಪ್ಟರಿನ ಲೇಬಲ್ ಓದಿ. ಕೆಲವು ಕಂಪನಿಗಳ ಅಡಾಪ್ಟರ್ ಹೊರಗೆ ಕೊಡುವುದೂ ಎಸಿಯನ್ನೇ. ಅಂಥ ಮೋಡೆಮ್ಮಿಗೆ ನೇರವಾಗಿ ಡಿಸಿ ಕೊಟ್ಟರೆ ಓಡುತ್ತದೆಂಬ ಖಾತರಿಯಿಲ್ಲ.

ಕೇಬಲ್ಲಿನ ಕಥೆ

ಮೋಡೆಮ್ ಮತ್ತು ಯುಪಿಎಸ್ ನಡುವೆ ಹೋಗುವುದು ಆರ್‌ಎಸ್-232 ಸೀರಿಯಲ್ ಕೇಬಲ್. ಒಂಬತ್ತು ಪಿನ್ನಿನ ಕನೆಕ್ಟರಿನಲ್ಲಿ ನಮಗೆ ಮುಖ್ಯವಾದವು ಐದು. 2 ಮತ್ತು 3 ಡೇಟಾದ ತಂತಿಗಳು, 5 ಗ್ರೌಂಡ್, ಆಚೆ ಕಡೆಯ ಮೋಡೆಮ್ ಸಿಕ್ಕಿದೆ ಎಂದು ಹೇಳುವ ಡಿಸಿಡಿ 1ನೇ ಪಿನ್, ಉಪಕರಣ ಸಿದ್ಧವಿದೆ ಎಂದು ಹೇಳುವ ಡಿಟಿಆರ್ 4ನೇ ಪಿನ್. ಕಂಪ್ಯೂಟರಿನ ಪೋರ್ಟ್ 3ರಲ್ಲಿ ಮಾತಾಡಿ 2ರಲ್ಲಿ ಕೇಳುತ್ತದೆ. ಮೋಡೆಮ್ 3ರಲ್ಲಿ ಕೇಳಿ 2ರಲ್ಲಿ ಮಾತಾಡುತ್ತದೆ. ಅದಕ್ಕೇ ಅವೆರಡರ ನಡುವೆ ನೇರ ಕೇಬಲ್ ಸಾಕು. ತೊಡಕು ಬರುವುದು ಯುಪಿಎಸ್ಸಿನಲ್ಲಿ. ಬಹಳಷ್ಟು ಯುಪಿಎಸ್‌ಗಳ ಪೋರ್ಟನ್ನು ಕಂಪ್ಯೂಟರಿಗೆ ನೇರ ಕೇಬಲ್ಲಿನಲ್ಲಿ ಜೋಡಿಸಲೆಂದೇ ಮಾಡಿರುತ್ತಾರೆ, ಅಂದರೆ ಅದೂ ಮೋಡೆಮ್ಮಿನ ಥರವೇ ವರ್ತಿಸುತ್ತದೆ. ಇಬ್ಬರೂ 2ರಲ್ಲಿ ಮಾತಾಡಿ 3ರಲ್ಲಿ ಕಿವಿಗೊಟ್ಟು ಕೂತರೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಆಗ 2ನ್ನು 3ಕ್ಕೂ 3ನ್ನು 2ಕ್ಕೂ ಅಡ್ಡಹಾಯಿಸಿದ ಕೇಬಲ್, ಅಂದರೆ ನಲ್ ಮೋಡೆಮ್ ಕೇಬಲ್, ಬೇಕಾಗುತ್ತದೆ.

ಎಪಿಸಿಯ ಸ್ಮಾರ್ಟ್-ಯುಪಿಎಸ್ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಅದರ ಒಂಬತ್ತು ಪಿನ್ನಿನ ಪೋರ್ಟ್ ನೋಡಲು ಎಲ್ಲರದರಂತೆಯೇ ಇದ್ದರೂ ಒಳಗಿನ ಜೋಡಣೆ ಬೇರೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಸೀರಿಯಲ್ ಕೇಬಲ್ ಸಿಕ್ಕಿಸಿದರೆ ಯುಪಿಎಸ್ ಆಫ್ ಆಗಿಬಿಡಬಹುದು, ಅದನ್ನು ನಂಬಿದ್ದ ಸರ್ವರ್‌ಗಳ ಸಮೇತ. ಅದಕ್ಕೆಂದೇ ಕಂಪನಿ ಕೊಡುವ ಕೇಬಲ್ಲನ್ನೇ ಬಳಸಬೇಕು. ಮೋಡೆಮ್ಮಿಗೆ ಜೋಡಿಸಲು ಆ ಕೇಬಲ್ಲಿನ ಆಚೆ ತುದಿಗೆ ಒಂದು ನಲ್ ಮೋಡೆಮ್ ಅಡಾಪ್ಟರ್ ಹಾಕಬೇಕು. ಯಾವ ಯುಪಿಎಸ್ ಆದರೂ ಸರಿ, ಕೇಬಲ್ ಸಿಕ್ಕಿಸುವ ಕೆಲಸವನ್ನು ಲೋಡ್ ಬೈಪಾಸಿಗೆ ಹಾಕಿಯೇ ಮಾಡುವುದು ಒಳ್ಳೆಯದು.

ಮೋಡೆಮ್ಮಿಗೆ ಪಾಠ

1981ರಲ್ಲಿ ಹೇಯ್ಸ್ ಕಂಪನಿ ಸ್ಮಾರ್ಟ್‌ಮೋಡೆಮ್ ತಂದಾಗ ಅದಕ್ಕೊಂದು ಆಜ್ಞೆಗಳ ಭಾಷೆ ಕೊಟ್ಟಿತು. ಪ್ರತಿ ಆಜ್ಞೆಯ ಮೊದಲು ಎಟಿ, ಅಂದರೆ ಅಟೆನ್ಷನ್. ಉಳಿದ ಕಂಪನಿಗಳೂ ಅದನ್ನೇ ಹಿಡಿದವು, ಇಂದಿಗೂ ಅದೇ ನಡೆಯುತ್ತಿದೆ. ಕೆಳಗೆ ಕನ್ನಡದಲ್ಲಿ ಬರೆದಿರುವ ಅಕ್ಷರಗಳನ್ನು ಕೀಬೋರ್ಡಿನಲ್ಲಿ ಇಂಗ್ಲಿಷಿನವಾಗಿ ಒತ್ತಿಕೊಳ್ಳಿ.

ಮೊದಲು ಮೋಡೆಮ್ಮನ್ನು ಯುಪಿಎಸ್ಸಿಗಲ್ಲ, ಲ್ಯಾಪ್‌ಟಾಪಿಗೆ ಜೋಡಿಸಿ. ಪುಟ್ಟಿ ಅಥವಾ ಟೆರಾಟರ್ಮ್ ಥರದ ಟರ್ಮಿನಲ್ ಪ್ರೋಗ್ರಾಂ ತೆಗೆದು, ವೇಗವನ್ನು ನಿಮ್ಮ ಯುಪಿಎಸ್ ಮಾತಾಡುವ ವೇಗಕ್ಕೇ ಇಡಿ. ಬಹಳಷ್ಟು ಯುಪಿಎಸ್‌ಗಳಿಗೆ ಇದು 2400, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಇಲ್ಲಿ ವೇಗ ತಪ್ಪಿದರೆ ಆಮೇಲೆ ಎಲ್ಲ ತಪ್ಪುತ್ತದೆ. ಮೋಡೆಮ್ ನಿಮ್ಮ ವೇಗವನ್ನು ಗುರುತಿಸುವುದು ನೀವು ಒತ್ತಿದ ಎಟಿ ಎಂಬ ಎರಡಕ್ಷರ ಬಂದ ರೀತಿಯಿಂದ. ಯುಪಿಎಸ್ ಎಂದೂ ಎಟಿ ಎನ್ನುವುದಿಲ್ಲ. ಆದ್ದರಿಂದ ಈಗ ಕಲಿತ ವೇಗವೇ ಮೋಡೆಮ್ಮಿನ ನೆನಪಿನಲ್ಲಿ ಉಳಿಯಬೇಕು.

ಎಟಿ ಎಂದು ಎಂಟರ್ ಒತ್ತಿದರೆ ಓಕೆ ಎನ್ನುತ್ತದೆ. ಎಟಿ&ಎಫ್ ಕೊಟ್ಟು ಫ್ಯಾಕ್ಟರಿ ಸೆಟ್ಟಿಂಗಿಗೆ ತನ್ನಿ. ಹಿಂದೆ ಯಾರು ಏನು ಮಾಡಿಟ್ಟಿದ್ದರೋ ಅದೆಲ್ಲ ಅಳಿಯುತ್ತದೆ. ಆಮೇಲೆ ಒಂದೊಂದಾಗಿ:

ಎಟಿಎಸ್0=2. ಎರಡನೆಯ ರಿಂಗಿಗೆ ತಾನಾಗಿ ಉತ್ತರಿಸು ಎಂದರ್ಥ. ಇದು ಸೊನ್ನೆಯಾಗಿದ್ದರೆ ಫೋನ್ ಎಷ್ಟು ಹೊಡೆದುಕೊಂಡರೂ ಮೋಡೆಮ್ ಎತ್ತುವುದಿಲ್ಲ. ಅದೇ ಲೈನಿನಲ್ಲಿ ಮಾತಾಡುವ ಫೋನೂ ಇದ್ದರೆ 5 ಅಥವಾ 6ಕ್ಕೆ ಏರಿಸಿ, ಕಚೇರಿಯ ಹೊತ್ತಿನಲ್ಲಿ ಯಾರಾದರೂ ಎತ್ತಿಕೊಳ್ಳಲು ಸಮಯ ಸಿಗುತ್ತದೆ.

ಎಟಿ&ಕೆ0. ಫ್ಲೋ ಕಂಟ್ರೋಲ್ ಬೇಡ. ಯುಪಿಎಸ್ ಕೇಬಲ್ಲಿನಲ್ಲಿ ಸಾಮಾನ್ಯವಾಗಿ ಅದಕ್ಕೆ ಬೇಕಾದ ತಂತಿಗಳೇ ಇರುವುದಿಲ್ಲ. ಬಿಟ್ಟರೆ ಮೋಡೆಮ್ ಬಾರದ ಅನುಮತಿಗಾಗಿ ಕಾಯುತ್ತಾ ಕೂರುತ್ತದೆ.

ಎಟಿ&ಡಿ0. ಇದರ ಮೇಲೆ ಸ್ವಲ್ಪ ನಿಲ್ಲಬೇಕು. ಸಾಮಾನ್ಯವಾಗಿ &ಡಿ2 ಇರುತ್ತದೆ, ಅಂದರೆ ಡಿಟಿಆರ್ ತಂತಿಯ ಸಿಗ್ನಲ್ ಬಿದ್ದರೆ ಕರೆ ಕತ್ತರಿಸು ಎಂದು. ಮೂರೇ ತಂತಿಯ ಕೇಬಲ್ಲಿನಲ್ಲಿ ಡಿಟಿಆರ್ ಇರುವುದೇ ಇಲ್ಲ. ಮೋಡೆಮ್ ಅದನ್ನು ಉಪಕರಣ ಆಫ್ ಆಗಿದೆ ಎಂದು ತಿಳಿದು ಕರೆಗೆ ಉತ್ತರಿಸುವುದನ್ನೇ ಬಿಡುತ್ತದೆ. ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಿದ್ದು ಯುಪಿಎಸ್ಸಿಗೆ ಜೋಡಿಸಿದ ಮೇಲೆ ರಿಂಗ್ ಆಗುತ್ತಲೇ ಇದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. &ಡಿ0 ಕೊಟ್ಟರೆ ಆ ತಂತಿಯ ಗೊಡವೆಗೆ ಹೋಗುವುದಿಲ್ಲ. ಆದರೆ ಈ ಕಡೆಯಿಂದ ಕರೆ ಕತ್ತರಿಸುವ ಉಪಾಯವೂ ಕೈಬಿಟ್ಟಂತಾಯಿತು. ಅದಕ್ಕೆ ಪ್ರತಿಯಾಗಿ, ಇಷ್ಟು ಹೊತ್ತು ಯಾವ ಡೇಟಾವೂ ಹರಿಯದಿದ್ದರೆ ಲೈನ್ ಬಿಡು ಎಂಬ ಟೈಮರ್ ಹಾಕಬೇಕು. ರಾಕ್‌ವೆಲ್ ಚಿಪ್ಪಿನ ಮೋಡೆಮ್‌ಗಳಲ್ಲಿ ಇದು ಎಸ್30, ಲೆಕ್ಕ ಹತ್ತು ಸೆಕೆಂಡಿಗೆ ಒಂದರಂತೆ. ಎಸ್30=12 ಎಂದರೆ ಎರಡು ನಿಮಿಷ. ಬೇರೆ ಕಂಪನಿಯದಾದರೆ ಕೈಪಿಡಿ ನೋಡಿ, ರಿಜಿಸ್ಟರ್ ಸಂಖ್ಯೆಯೂ ಲೆಕ್ಕವೂ ಬದಲಾಗುತ್ತವೆ.

ಎಟಿ+ಎಂಎಸ್=ವಿ22ಬಿ. ವೇಗವನ್ನು 2400ಕ್ಕೇ ಕಟ್ಟಿಹಾಕುವುದು. 56ಕೆ ಎಂದು ಬರೆದ ಮೋಡೆಮ್ಮನ್ನು ಹೀಗೆ ಇಳಿಸುವುದು ಹಲವರಿಗೆ ಒಗ್ಗುವುದಿಲ್ಲ. ಯುಪಿಎಸ್ ಕೊಡುವುದು ಒಂದೇ ಸಾಲಿನ ಉತ್ತರ, ಅದಕ್ಕೆ 2400 ಸಾಕು. ಟೆಲಿಫೋನ್ ಲೈನಿನಲ್ಲಿ ಮೋಡೆಮ್ಮಿಗೆ ಸಿಗುವುದು 300ರಿಂದ 3400 ಹರ್ಟ್ಸಿನ ಕಿರಿದಾದ ದಾರಿ. ವೇಗ ಹೆಚ್ಚಿದಷ್ಟೂ ಮೋಡೆಮ್ ಆ ದಾರಿಯನ್ನು ಅಂಚಿನವರೆಗೆ ಬಳಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಕೇಬಲ್ ಜಾಯಿಂಟಿಗೆ ನೀರು ಇಳಿದು ಲೈನ್ ಕರಕರ ಎನ್ನುವಾಗ ಮೊದಲು ಬೀಳುವುದು ವೇಗದ ಕರೆಗಳೇ. 2400ರಲ್ಲಿ ಎರಡು ಮೋಡೆಮ್‌ಗಳ ಪರಿಚಯವೂ ಬೇಗ ಮುಗಿಯುತ್ತದೆ. ಇಂಟರ್ನೆಟ್ ದಿನಗಳಲ್ಲಿ ಕೇಳುತ್ತಿದ್ದ ಆ ಉದ್ದನೆಯ ಕಿರುಚಾಟ ಇರುವುದಿಲ್ಲ. ಹಳೆಯ ಕೆಲವು ಮೋಡೆಮ್‌ಗಳಿಗೆ +ಎಂಎಸ್ ಗೊತ್ತಿಲ್ಲ, ಅಲ್ಲಿ ಎಸ್37=6 ಪ್ರಯತ್ನಿಸಬೇಕು.

ಇಷ್ಟಾದ ಮೇಲೆ ಕೊನೆಯದಾಗಿ ಎಟಿಇ0ಕ್ಯೂ1&ಡಬ್ಲ್ಯು0. ಒಂದೇ ಸಾಲಿನಲ್ಲಿ ಕೊಡಬೇಕು, ಏಕೆಂದರೆ ಕ್ಯೂ1 ಆದ ಕೂಡಲೇ ಮೋಡೆಮ್ ಮೌನವಾಗುತ್ತದೆ, ಓಕೆ ಕೂಡ ಹೇಳುವುದಿಲ್ಲ. &ಡಬ್ಲ್ಯು0 ಎಲ್ಲವನ್ನೂ ಸೊನ್ನೆಯ ಪ್ರೊಫೈಲಿನಲ್ಲಿ ಬರೆದಿಡುತ್ತದೆ. ಎಟಿ&ವೈ0 ಕೊಟ್ಟರೆ ಕರೆಂಟ್ ಹೋಗಿ ಬಂದಾಗ ಅದೇ ಪ್ರೊಫೈಲ್ ಎತ್ತಿಕೊಳ್ಳುತ್ತದೆ.

ಮೌನ ಯಾಕೆ ಬೇಕು

ಇ0 ಮತ್ತು ಕ್ಯೂ1 ಈ ಎರಡನ್ನು ಬಿಟ್ಟುಬಿಡುವವರೇ ಹೆಚ್ಚು. ಮಾಮೂಲಿ ಸೆಟ್ಟಿಂಗಿನಲ್ಲಿ ಮೋಡೆಮ್ ಬಾಯಿಬಡುಕ. ಕರೆ ಬಂದರೆ ರಿಂಗ್ ಎನ್ನುತ್ತದೆ, ಸಿಕ್ಕಿದರೆ ಕನೆಕ್ಟ್, ಕಡಿದರೆ ನೋ ಕ್ಯಾರಿಯರ್. ಓದಲು ಮನುಷ್ಯರಿದ್ದರೆ ಇದು ಉಪಕಾರ. ಇಲ್ಲಿ ಓದುವುದು ಯುಪಿಎಸ್, ಅದಕ್ಕೆ ಬರುವ ಪ್ರತಿ ಅಕ್ಷರವೂ ಆಜ್ಞೆ.

ಎಪಿಸಿಯ ಹಳೆಯ ಸ್ಮಾರ್ಟ್ ಭಾಷೆಯಲ್ಲಿ ಆಜ್ಞೆಗಳು ಒಂದೊಂದೇ ಅಕ್ಷರದವು. ದೊಡ್ಡಕ್ಷರದ ವೈ ಕಳಿಸಿದರೆ ಯುಪಿಎಸ್ ಎಸ್‌ಎಂ ಎಂದುತ್ತರಿಸಿ ಸ್ಮಾರ್ಟ್ ಸ್ಥಿತಿಗೆ ಬರುತ್ತದೆ. ಆರ್ ಕಳಿಸಿದರೆ ಬೈ ಎಂದು ಹೇಳಿ ಆ ಸ್ಥಿತಿಯಿಂದ ಹೊರಗೆ ಹೋಗುತ್ತದೆ. ಈಗ ನೋಡಿ, ಯಾರೋ ಶಿವಮೊಗ್ಗದಿಂದ ಡಯಲ್ ಮಾಡಿದರು, ಮೋಡೆಮ್ ಅಭ್ಯಾಸಬಲದಿಂದ ರಿಂಗ್ ಎಂದು ಇಂಗ್ಲಿಷಿನಲ್ಲಿ ಬರೆಯಿತು, ಮೊದಲ ಅಕ್ಷರವೇ ಆರ್. ಯುಪಿಎಸ್ ಬೈ ಹೇಳಿ ಸುಮ್ಮನಾಯಿತು. ಎಂಜಿನಿಯರಿಗೆ ಸಂಪರ್ಕವೇನೋ ಸಿಗುತ್ತದೆ, ಏನು ಕೇಳಿದರೂ ಉತ್ತರ ಬರುವುದಿಲ್ಲ. ಮತ್ತೆ ವೈ ಕಳಿಸಿದರೆ ಮಾತಾಡುತ್ತದೆ, ಆದರೆ ಅದು ಹೊಳೆಯುವ ಮುಂಚೆ ಕೇಬಲ್ಲು, ಲೈನು, ಮೋಡೆಮ್ಮು ಎಲ್ಲವನ್ನೂ ಬೈದಾಗಿರುತ್ತದೆ.

ಎಕೋದ ಕಾಟ ಇನ್ನೊಂದು. ಇ1 ಇದ್ದಾಗ ಮೋಡೆಮ್ ತನಗೆ ಬಂದ ಅಕ್ಷರಗಳನ್ನು ತಿರುಗಿ ಕಳಿಸುತ್ತದೆ. ಯುಪಿಎಸ್ಸೂ ಅರ್ಥವಾಗದ ಆಜ್ಞೆಯನ್ನು ಹಾಗೇ ತಿರುಗಿ ಕಳಿಸುವ ಜಾತಿಯದಾದರೆ ಇಬ್ಬರೂ ಬೆಳಗಿನವರೆಗೆ ಒಂದೇ ಮಾತನ್ನು ಎಸೆದಾಡುತ್ತಿರುತ್ತಾರೆ. ಎಸ್2=255 ಎಂದು ಕೊಟ್ಟು, ಮೂರು ಪ್ಲಸ್ ಚಿಹ್ನೆ ಬಂದರೆ ಆಜ್ಞೆಯ ಸ್ಥಿತಿಗೆ ಮರಳುವ ಏರ್ಪಾಟನ್ನೂ ಮುಚ್ಚುವುದು ಒಳ್ಳೆಯದು.

ಇದೆಲ್ಲ ಮೋಡೆಮ್ ಎಂದರೇನೆಂದು ಗೊತ್ತಿಲ್ಲದ ಯುಪಿಎಸ್ಸಿಗೆ. ಜನರೇಟರಿನ ಹೊಸ ಕಂಟ್ರೋಲರುಗಳು ಜಾಣವು. ಮೋಡೆಮ್ಮಿಗೆ ತಾವೇ ಆಜ್ಞೆ ಕೊಡುತ್ತವೆ, ನಂಬರ್ ಡಯಲ್ ಮಾಡುತ್ತವೆ, ಬಿಜಿ ಎಂದು ಬಂದರೆ ಮತ್ತೆ ಪ್ರಯತ್ನಿಸುತ್ತವೆ. ಅವಕ್ಕೆ ಮೋಡೆಮ್ಮಿನ ಉತ್ತರ ಬೇಕೇ ಬೇಕು. ಅಲ್ಲಿ ಕ್ಯೂ0 ಇರಬೇಕು, ಡಿಟಿಆರ್ ತಂತಿಯೂ ಇರುವುದರಿಂದ &ಡಿ2 ಇಡಬಹುದು, ಕಂಟ್ರೋಲರಿನ ಕೈಪಿಡಿಯಲ್ಲಿ ಕೊಟ್ಟ ಆರಂಭದ ಸಾಲನ್ನೇ ಬಳಸಬೇಕು. ಒಂದು ಕಡೆಯ ಸೆಟ್ಟಿಂಗನ್ನು ಇನ್ನೊಂದಕ್ಕೆ ಕಣ್ಣುಮುಚ್ಚಿ ನಕಲು ಮಾಡಿದರೆ ಎರಡೂ ಕೆಡುತ್ತವೆ.

ಕಂಟ್ರೋಲರ್ ಮಾಡ್‌ಬಸ್ ಆರ್‌ಟಿಯು ಮಾತಾಡುವುದಾದರೆ ಮತ್ತೊಂದು ಎಚ್ಚರ. ಆ ಭಾಷೆಯಲ್ಲಿ ವಾಕ್ಯ ಮುಗಿಯಿತು ಎನ್ನಲು ಚುಕ್ಕಿಯಿಲ್ಲ. ಮೂರೂವರೆ ಅಕ್ಷರದಷ್ಟು ಹೊತ್ತು ಸುಮ್ಮನಿದ್ದರೆ ಮುಗಿದಂತೆ. 9600ರ ವೇಗದಲ್ಲಿ ಅದು ಸುಮಾರು 4 ಮಿಲಿಸೆಕೆಂಡ್. ಮೋಡೆಮ್ಮಿನ ವಿ.42 ದೋಷ ತಿದ್ದುವ ವ್ಯವಸ್ಥೆ ಡೇಟಾವನ್ನು ಪೊಟ್ಟಣ ಕಟ್ಟಿ ಕಳಿಸುತ್ತದೆ. ಪೊಟ್ಟಣಗಳ ನಡುವೆ ಬೀಳುವ ಬಿಡುವು ಅದಕ್ಕಿಂತ ಹೆಚ್ಚಾಗಬಹುದು. ಆಗ ಅರ್ಧ ವಾಕ್ಯವನ್ನೇ ಪೂರ್ತಿ ಎಂದುಕೊಂಡ ಕಂಟ್ರೋಲರ್ ಅದನ್ನು ಎಸೆದುಬಿಡುತ್ತದೆ. ದೋಷ ತಿದ್ದುವುದನ್ನು ಎರಡೂ ತುದಿಯಲ್ಲಿ ಆಫ್ ಮಾಡಬೇಕು, ಇಲ್ಲವೇ ಕಂಟ್ರೋಲರಿನಲ್ಲಿ ಸೌಲಭ್ಯವಿದ್ದರೆ ಮಾಡ್‌ಬಸ್ ಆಸ್ಕಿಗೆ ಬದಲಾಯಿಸಬೇಕು. ಪ್ಯಾರಿಟಿ ಸೇರಿ 11 ಬಿಟ್ಟಾಗುವ ಅಕ್ಷರವನ್ನು ಬಹುಪಾಲು ಮೋಡೆಮ್‌ಗಳು ಒಯ್ಯುವುದಿಲ್ಲ, ಆದ್ದರಿಂದ ಪ್ಯಾರಿಟಿಯನ್ನೂ ತೆಗೆದುಹಾಕಬೇಕು.

ಯುಪಿಎಸ್ ಹೇಳುವುದನ್ನು ಓದುವುದು

ನಮ್ಮಲ್ಲಿ ಸಿಗುವ ಎಷ್ಟೋ ಯುಪಿಎಸ್‌ಗಳು, ಬ್ರ್ಯಾಂಡ್ ಏನೇ ಇರಲಿ, ಒಳಗೆ ಮೆಗಾಟೆಕ್ ಎಂಬ ಸರಳ ಭಾಷೆಯನ್ನೇ ಆಡುತ್ತವೆ. ಡಯಲ್ ಮಾಡಿ, ಸಂಪರ್ಕ ಸಿಕ್ಕಿದ ಮೇಲೆ ಕ್ಯೂ1 ಎಂದು ಎಂಟರ್ ಒತ್ತಬೇಕು. (ಇದು ಯುಪಿಎಸ್ಸಿನ ಕ್ಯೂ1, ಮೋಡೆಮ್ಮಿನದಲ್ಲ.) ಉತ್ತರ ಹೀಗಿರುತ್ತದೆ:

(228.4 140.0 229.8 034 50.1 2.26 31.0 00000000

ಮೊದಲನೆಯದು ಈಗ ಬರುತ್ತಿರುವ ವೋಲ್ಟೇಜ್. ಎರಡನೆಯದು ಕಳೆದ ಸಲ ಕರೆಂಟ್ ಕೆಟ್ಟಾಗ ಎಷ್ಟಿತ್ತು ಎಂಬ ದಾಖಲೆ. ಮೂರನೆಯದು ಯುಪಿಎಸ್ ಕೊಡುತ್ತಿರುವ ವೋಲ್ಟೇಜ್. 034 ಎಂದರೆ ಲೋಡ್ ನೂರಕ್ಕೆ ಮೂವತ್ತನಾಲ್ಕು. ಆಮೇಲೆ ಫ್ರೀಕ್ವೆನ್ಸಿ, ಬ್ಯಾಟರಿ, ಒಳಗಿನ ಉಷ್ಣಾಂಶ. ಕೊನೆಯ ಎಂಟು ಅಂಕಿಗಳಲ್ಲಿ ಎಡಗಡೆಯ ಮೊದಲನೆಯದು 1 ಆದರೆ ಕರೆಂಟ್ ಹೋಗಿದೆ, ಎರಡನೆಯದು 1 ಆದರೆ ಬ್ಯಾಟರಿ ಕೆಳಗಿಳಿದಿದೆ, ನಾಲ್ಕನೆಯದು 1 ಆದರೆ ಯುಪಿಎಸ್ಸೇ ಕೆಟ್ಟಿದೆ. 11000000 ಎಂದು ಕಂಡರೆ ಚಪ್ಪಲಿ ಹುಡುಕಿಕೊಳ್ಳಬೇಕಾದ ಹೊತ್ತು.

ಇದರಲ್ಲಿ ಹೆಚ್ಚು ಮಾತಾಡುವುದು ಬ್ಯಾಟರಿಯ ಅಂಕಿ. ಆನ್‌ಲೈನ್ ಯುಪಿಎಸ್‌ನಲ್ಲಿ ಅದನ್ನು ಒಂದು ಸೆಲ್ಲಿನ ಲೆಕ್ಕದಲ್ಲಿ ಕೊಡುತ್ತಾರೆ. 12 ವೋಲ್ಟಿನ ಹದಿನಾರು ಬ್ಯಾಟರಿ ಎಂದರೆ 96 ಸೆಲ್, 2.26ರಂತೆ ಒಟ್ಟು ಸುಮಾರು 217 ವೋಲ್ಟ್. ಚಾರ್ಜಾಗಿ ಕೂತ ಬ್ಯಾಟರಿಗೆ ಇದು ಸರಿಯಾದ ಫ್ಲೋಟ್ ವೋಲ್ಟೇಜ್. ಕರೆಂಟ್ ಹೋದಾಗ 2ರ ಆಸುಪಾಸಿಗೆ ಬಂದು ನಿಧಾನಕ್ಕೆ ಇಳಿಯುತ್ತದೆ, 1.75ರ ಹತ್ತಿರ ಬಂದರೆ ಮುಗಿದ ಹಾಗೆ. ಲೋಡ್ ಬಿದ್ದ ಮೊದಲ ಕೆಲವು ನಿಮಿಷ ವೋಲ್ಟೇಜ್ ಒಮ್ಮೆ ಕುಸಿದು ಮತ್ತೆ ಚೇತರಿಸಿಕೊಳ್ಳುವುದು ಲೆಡ್-ಆಸಿಡ್ ಬ್ಯಾಟರಿಯ ಸ್ವಭಾವ. ಅದನ್ನು ನೋಡಿ ಗಾಬರಿಯಾಗಬೇಕಿಲ್ಲ. ಹತ್ತೇ ನಿಮಿಷದಲ್ಲಿ 1.8ಕ್ಕೆ ಇಳಿಯುವ ಬ್ಯಾಂಕ್ ಮಾತ್ರ ಬದಲಾಯಿಸುವ ಕಾಲಕ್ಕೆ ಬಂದಿದೆ.

ಡಯಲ್ ಟೋನ್ ಕೇಳದ ಮೋಡೆಮ್

ಇಲ್ಲಿಯವರೆಗಿನದು ನಾವು ಫೋನ್ ಮಾಡಿ ವಿಚಾರಿಸುವ ವ್ಯವಸ್ಥೆ. ತೊಂದರೆಯಾದಾಗ ಅದೇ ನಮಗೆ ಫೋನ್ ಮಾಡಬೇಕಾದರೆ ಡಯಲ್ ಮಾಡಬಲ್ಲ ಕಂಟ್ರೋಲರ್ ಬೇಕು. ಇಲ್ಲಿ ನಮ್ಮ ದೇಶದಲ್ಲಿ ಕಾಡುವ ಒಂದು ತೊಡಕಿದೆ. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಸ್ ಬೆರೆತದ್ದು. ನಮ್ಮದು 25 ಹರ್ಟ್ಸಿನಲ್ಲಿ ಏರಿಳಿಯುವ 400 ಹರ್ಟ್ಸ್. ಎಕ್ಸ್4 ಸೆಟ್ಟಿಂಗಿನಲ್ಲಿ ಮೋಡೆಮ್ ಡಯಲ್ ಟೋನ್ ಕೇಳಿಸಿಕೊಂಡೇ ನಂಬರ್ ಒತ್ತುತ್ತದೆ. ಅಲ್ಲಿಯ ಟೋನಿಗೆ ಕಿವಿ ಹೊಂದಿಸಿಕೊಂಡ ಮೋಡೆಮ್ಮಿಗೆ ನಮ್ಮ ಟೋನ್ ಟೋನೇ ಅಲ್ಲ. ಫೋನಿನಲ್ಲಿ ನಮಗೆ ಗುಂಯ್ ಎಂದು ಕೇಳುತ್ತಿರುತ್ತದೆ, ಮೋಡೆಮ್ ಮಾತ್ರ ನೋ ಡಯಲ್‌ಟೋನ್ ಎನ್ನುತ್ತದೆ. ಎಕ್ಸ್3 ಕೊಟ್ಟರೆ ಟೋನಿಗೆ ಕಾಯದೆ ಡಯಲ್ ಮಾಡುತ್ತದೆ, ಎಂಗೇಜ್ ಟೋನ್ ಮಾತ್ರ ಗಮನಿಸುತ್ತದೆ. ಕಚೇರಿಯ ಒಳಗಿನ ಎಕ್ಸ್‌ಚೇಂಜಿನ (ಇಪಿಎಬಿಎಕ್ಸ್) ಹಿಂದೆ ಕೂತ ಮೋಡೆಮ್ಮಿಗೂ ಇದೇ ಮದ್ದು. ಹೊರಗಿನ ಲೈನಿಗೆ ಸೊನ್ನೆ ಒತ್ತಬೇಕಾದರೆ ಎಟಿಡಿಟಿ0, ಎಂದು ಅಲ್ಪವಿರಾಮ ಹಾಕಿ ಮುಂದೆ ನಂಬರ್ ಬರೆಯಬೇಕು. ಒಂದು ಅಲ್ಪವಿರಾಮಕ್ಕೆ ಎರಡು ಸೆಕೆಂಡ್ ತಡೆ. ಸಾಧ್ಯವಾದರೆ ಇಪಿಎಬಿಎಕ್ಸ್ ಸಹವಾಸವೇ ಬೇಡ. ಅದರ ಅಡಾಪ್ಟರ್ ಎಲ್ಲಿ ಸಿಕ್ಕಿಸಿದ್ದಾರೋ ಯಾರು ಬಲ್ಲರು.

ಯಾವುದಕ್ಕೆ ಫೋನ್ ಮಾಡಬೇಕು ಎಂದು ತೀರ್ಮಾನಿಸುವಾಗ ಜಿಪುಣರಾಗಿರಿ. ಕರೆಂಟ್ ಹೋದದ್ದೇ ಸುದ್ದಿ ಎಂದರೆ ಮಳೆಗಾಲದಲ್ಲಿ ರಾತ್ರಿಯಿಡೀ ಫೋನ್ ಹೊಡೆದು, ಮೂರನೆಯ ದಿನ ಎಂಜಿನಿಯರ್ ಅದನ್ನು ಸೈಲೆಂಟಿಗೆ ಹಾಕುತ್ತಾರೆ. ಕರೆಂಟ್ ಹೋಗಿ ಎರಡು ನಿಮಿಷವಾದರೂ ಜನರೇಟರ್ ಲೋಡ್ ತೆಗೆದುಕೊಳ್ಳಲಿಲ್ಲ, ಆಯಿಲ್ ಪ್ರೆಶರ್ ಬಿತ್ತು, ನೀರು ಕುದಿಯಿತು, ಡೀಸೆಲ್ ತಳ ಕಂಡಿತು, ಯುಪಿಎಸ್ ಬೈಪಾಸಿಗೆ ಹೋಯಿತು: ಇವು ಸುದ್ದಿಗಳು. ಇದರ ಜೊತೆಗೆ ಜನರೇಟರಿನ ಸ್ವಂತ ಸ್ಟಾರ್ಟಿಂಗ್ ಬ್ಯಾಟರಿಯ ವೋಲ್ಟೇಜನ್ನು ಸೇರಿಸದಿದ್ದರೆ ಇಡೀ ಏರ್ಪಾಟು ಅಪೂರ್ಣ. ಹೊತ್ತಿಗೆ ಸರಿಯಾಗಿ ಜನರೇಟರ್ ಕೈಕೊಡುವುದು ಹೆಚ್ಚಾಗಿ ಎಂಜಿನ್ ಕೆಟ್ಟು ಅಲ್ಲ, ಆ ಬ್ಯಾಟರಿ ಸತ್ತು.

ಹೊರಗೆ ಹೋಗುವ ಕರೆಯೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಲೈನಿಗೆ ಎಸ್‌ಟಿಡಿ ಲಾಕ್ ಹಾಕಿರಬಹುದು. ಬಿಲ್ ಕಟ್ಟದಿದ್ದರೆ ಮೊದಲು ನಿಲ್ಲುವುದು ಹೊರಹೋಗುವ ಕರೆಯೇ. ಫೋನ್ ಬರಲಿಲ್ಲ ಎಂದರೆ ಎಲ್ಲ ಸರಿಯಿದೆ ಎಂದೂ ಇರಬಹುದು, ಮೋಡೆಮ್ ಸತ್ತಿದೆ ಎಂದೂ ಇರಬಹುದು. ಅದಕ್ಕೇ ಕೇಂದ್ರದ ಕಂಪ್ಯೂಟರ್ ದಿನಕ್ಕೊಮ್ಮೆ, ರಾತ್ರಿ ಎರಡು ಗಂಟೆಯ ಹೊತ್ತಿಗೆ, ಪ್ರತಿ ಶಾಖೆಗೂ ಡಯಲ್ ಮಾಡಿ ಒಂದು ಸಾಲಿನ ಉತ್ತರ ಬರೆದಿಟ್ಟುಕೊಳ್ಳುವಂತೆ ಮಾಡಬೇಕು. ಯಾವ ಶಾಖೆ ಉತ್ತರಿಸಲಿಲ್ಲವೋ ಅದೂ ಒಂದು ಅಲಾರಂ.

ಹಾಗೆ ಉತ್ತರಿಸುವ ಮೋಡೆಮ್ ಯಾರು ಡಯಲ್ ಮಾಡಿದರೂ ಉತ್ತರಿಸುತ್ತದೆ. ಸಾಲಾಗಿ ನಂಬರ್‌ಗಳಿಗೆ ಡಯಲ್ ಮಾಡಿ ಮೋಡೆಮ್ ಹುಡುಕುವ ಚಟ 1983ರ ವಾರ್‌ಗೇಮ್ಸ್ ಸಿನಿಮಾಕ್ಕಿಂತ ಹಳೆಯದು. ಮೆಗಾಟೆಕ್ ಭಾಷೆಯಲ್ಲಿ ಪಾಸ್‌ವರ್ಡ್ ಎಂಬುದೇ ಇಲ್ಲ, ಎಸ್ ಎಂಬ ಅಕ್ಷರಕ್ಕೆ ನಿಮಿಷದ ಅಂಕಿ ಸೇರಿಸಿದರೆ ಯುಪಿಎಸ್ ಆಫ್ ಆಗುತ್ತದೆ. ಪಾಸ್‌ವರ್ಡ್ ಕೇಳುವ, ಇಲ್ಲವೇ ನಿಗದಿಯಾದ ನಂಬರಿಗೆ ತಿರುಗಿ ಕರೆ ಮಾಡುವ ಸೌಲಭ್ಯವಿರುವ ಮೋಡೆಮ್ಮನ್ನೇ ಕೊಳ್ಳುವುದು ಲೇಸು.

ಸಿಡಿಲು

ಮೋಡೆಮ್‌ಗಳನ್ನು ಹೆಚ್ಚಾಗಿ ಕೊಲ್ಲುವುದು ಏಪ್ರಿಲ್-ಮೇ ತಿಂಗಳ ಸಿಡಿಲು. ಮೈಲಿಗಟ್ಟಲೆ ಕಂಬದ ಮೇಲೆ ಬರುವ ಫೋನ್ ತಂತಿ ಒಂದು ಕಡೆ, ವಿದ್ಯುತ್ ಲೈನ್ ಇನ್ನೊಂದು ಕಡೆ, ನಡುವೆ ಮೋಡೆಮ್. ಲೈನ್ ಒಳಬರುವಲ್ಲಿ ಗ್ಯಾಸ್ ಡಿಸ್ಚಾರ್ಜ್ ಟ್ಯೂಬ್ ಇರುವ ಪ್ರೊಟೆಕ್ಟರ್ ಹಾಕುವುದು ಎಲ್ಲರಿಗೂ ಗೊತ್ತು. ಅದರ ಅರ್ಥಿಂಗ್ ತಂತಿಯನ್ನು ಎಲ್ಲಿಗೆ ಒಯ್ಯಬೇಕು ಎನ್ನುವಲ್ಲಿ ಎಡವುತ್ತಾರೆ. ಫೋನಿಗೊಂದು ಗುಂಡಿ, ಯುಪಿಎಸ್ಸಿಗೊಂದು ಗುಂಡಿ ತೋಡಿ ಎರಡನ್ನೂ ಬೇರೆಯಾಗಿಯೇ ಬಿಟ್ಟರೆ, ಹತ್ತಿರದಲ್ಲಿ ಸಿಡಿಲು ಬಿದ್ದಾಗ ಆ ಎರಡು ಗುಂಡಿಗಳ ನಡುವೆಯೇ ಸಾವಿರಾರು ವೋಲ್ಟ್ ವ್ಯತ್ಯಾಸ ಏಳುತ್ತದೆ. ಅದು ದಾಟಲು ಸಿಗುವ ಸೇತುವೆ ಎಂದರೆ ಮೋಡೆಮ್ ಮತ್ತು ಸೀರಿಯಲ್ ಕೇಬಲ್, ಅಂದರೆ ಯುಪಿಎಸ್ಸಿನ ಕಂಟ್ರೋಲ್ ಬೋರ್ಡೂ ಹೋಯಿತು. ಅರ್ಥಿಂಗ್‌ಗಳನ್ನು ದಪ್ಪ ತಂತಿಯಿಂದ ಒಂದಕ್ಕೊಂದು ಕಟ್ಟಿ, ಸೀರಿಯಲ್ ಕೇಬಲ್ಲಿನ ನಡುವೆ ಬೆಳಕಿನ ಮೂಲಕ ಡೇಟಾ ದಾಟಿಸುವ ಆಪ್ಟೋ ಐಸೊಲೇಟರ್ ಹಾಕಬೇಕು.

ಲೈನೇ ಇಲ್ಲದ ಕಾಲಕ್ಕೆ

ತಾಮ್ರದ ಲೈನ್‌ಗಳು ಈಗ ವೇಗವಾಗಿ ಫೈಬರಿಗೆ ಬದಲಾಗುತ್ತಿವೆ. ಬ್ರಿಟನ್ ತನ್ನ ಹಳೆಯ ಫೋನ್ ಜಾಲವನ್ನು 2027ರ ಜನವರಿಗೆ ಮುಚ್ಚುವ ದಿನ ಗೊತ್ತುಮಾಡಿದೆ. ಫೈಬರ್ ಪೆಟ್ಟಿಗೆಯ ಹಿಂದಿನ ಫೋನ್ ಸಾಕೆಟ್ಟಿಗೆ ಮೋಡೆಮ್ ಸಿಕ್ಕಿಸಿದರೆ ಡಯಲ್ ಟೋನ್ ಬರುತ್ತದೆ, ಕೆಲವೊಮ್ಮೆ ಸಂಪರ್ಕವೂ ಸಿಗುತ್ತದೆ. ಆದರೆ ಧ್ವನಿಯನ್ನು ಹಿಂಡಿ ಕಳಿಸುವ ಜಿ.729ರಂಥ ಕೋಡೆಕ್ ಇದ್ದರೆ ಮೋಡೆಮ್ಮಿನ ಸ್ವರಗಳು ಬದುಕುವುದಿಲ್ಲ. ಜಿ.711 ಇದ್ದರೆ ಮೇಲೆ ಹೇಳಿದ 2400ರ ವೇಗಕ್ಕೆ ಒಂದು ಅವಕಾಶ ಉಂಟು. ಎಲ್ಲಕ್ಕಿಂತ ಮುಖ್ಯ ಮಾತೆಂದರೆ ಫೈಬರಿನಲ್ಲಿ 48 ವೋಲ್ಟ್ ಬರುವುದಿಲ್ಲ. ಆ ಪೆಟ್ಟಿಗೆಗೂ ಬ್ಯಾಟರಿ ನಾವೇ ಕೊಡಬೇಕು.

ಹೆಚ್ಚಿನವರು ಈಗ ಹೋಗುತ್ತಿರುವುದು ಸಿಮ್ ಹಾಕುವ ಮೋಡೆಮ್ಮಿಗೆ. ಅದೂ ಎಟಿ ಭಾಷೆಯನ್ನೇ ಆಡುತ್ತದೆ. ಎಟಿ+ಸಿಎಸ್‌ಕ್ಯೂ ಕೇಳಿದರೆ ಸಿಗ್ನಲ್ ಬಲವನ್ನು 0ಯಿಂದ 31ರವರೆಗಿನ ಅಂಕಿಯಲ್ಲಿ ಹೇಳುತ್ತದೆ, 99 ಬಂದರೆ ಗೊತ್ತಾಗುತ್ತಿಲ್ಲ ಎಂದರ್ಥ. ಎಟಿ+ಸಿಎಂಜಿಎಫ್=1 ಕೊಟ್ಟು ಎಟಿ+ಸಿಎಂಜಿಎಸ್ ಮೂಲಕ ಎಸ್ಸೆಮ್ಮೆಸ್ ಕಳಿಸಬಹುದು. 2ಜಿ ಮಾತ್ರ ಬಲ್ಲ ಅಗ್ಗದ ಮೋಡೆಮ್ ತಂದು ಜಿಯೋ ಸಿಮ್ ಹಾಕಿದರೆ ಕೆಲಸ ಮಾಡುವುದಿಲ್ಲ, ಅವರದು 4ಜಿಯಿಂದಲೇ ಶುರುವಾದ ಜಾಲ. ಊರಿನ ಮೊಬೈಲ್ ಟವರ್ ತನ್ನ ಬ್ಯಾಟರಿಯ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಮಳೆಗಾಲದಲ್ಲಿ ಒಮ್ಮೆ ಗಮನಿಸಿ ಇಟ್ಟುಕೊಳ್ಳಿ. ನಮ್ಮ ಮೊದಲ ಎಸ್ಸೆಮ್ಮೆಸ್ ಅದಕ್ಕಿಂತ ಮುಂಚೆ ಹೊರಟಿರಬೇಕು.

ಯಾವ ಮೋಡೆಮ್ಮಾದರೂ ಒಪ್ಪಿಸಿಕೊಳ್ಳುವ ಮುಂಚೆ ಮಾಡಬೇಕಾದ ಪರೀಕ್ಷೆ ಇದು. ಶಾಖೆಯ ಮೇನ್ ಸ್ವಿಚ್ ಇಳಿಸಿ, ಜನರೇಟರನ್ನು ಮ್ಯಾನುಯಲ್ಲಿಗೆ ಹಾಕಿ, ಅಲಾರಂ ಬರುತ್ತದೆಯೇ ನೋಡಿ. ಕರೆಂಟ್ ಇಲ್ಲದಾಗಲೇ ಶಿವಮೊಗ್ಗದಿಂದ ಡಯಲ್ ಮಾಡಿಸಿ. ಆಮೇಲೆ ಮೋಡೆಮ್ಮಿನ ಪ್ಲಗ್ ಕಿತ್ತು, ಒಂದು ನಿಮಿಷ ಬಿಟ್ಟು ಹಾಕಿ, ಏನೂ ಮುಟ್ಟದೆ ಮತ್ತೆ ಡಯಲ್ ಮಾಡಿಸಿ. ಮೊಬೈಲ್ ಚಾರ್ಜ್ ಮಾಡಲು ಯಾರೋ ಆ ಪ್ಲಗ್ ಕೀಳುವುದು ಖಂಡಿತ, ಆದ್ದರಿಂದ ಅದರ ಮೇಲೆ ಕೆಂಪು ಟೇಪ್ ಸುತ್ತಿ ತೆಗೆಯಬೇಡಿ ಎಂದು ಬರೆಯಿರಿ. ಸಿಮ್ ಪ್ರೀಪೇಯ್ಡ್ ಆಗಿದ್ದರೆ ರೀಚಾರ್ಜ್ ಮುಗಿಯುವ ತಾರೀಕನ್ನೂ ಅದೇ ಟೇಪಿನ ಮೇಲೆ ಬರೆಯಿರಿ.